ಕಲ್ಲು ನೋಡಿ ರೀಲು ಹಾಕಿ: ಹಂಪಿ, ಬಾದಾಮಿ, ಬೇಲೂರಿಗೆ ಯಾವ ಫಿಲ್ಮು ಹೊಂದುತ್ತದೆ?

ಬಾದಾಮಿಯ ಕೆಂಪು ಬಂಡೆಯನ್ನು ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪು ಫಿಲ್ಟರ್ (ಲೆನ್ಸಿನ ಮುಂದಿಡುವ ಬಣ್ಣದ ಗಾಜು) ಹಾಕಿ ತೆಗೆದರೆ ಬಂಡೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಬರುತ್ತದೆ. ಅದೇ ಫಿಲ್ಟರನ್ನು ಹಳೇಬೀಡಿನಲ್ಲಿ ಹಾಕಿದರೆ ಕೆತ್ತನೆಯ ಸಂದುಗೊಂದುಗಳೆಲ್ಲ ಮಸಿಯಾಗಿ ಮುಚ್ಚಿಹೋಗುತ್ತವೆ. ಫಿಲ್ಮು ಅದೇ, ಕ್ಯಾಮೆರಾ ಅದೇ, ತೆಗೆದ ಕೈಯೂ ಅದೇ. ಬದಲಾಗಿದ್ದು ಕಲ್ಲು. ಅದಕ್ಕೇ ಈ ಹೋಲಿಕೆಯನ್ನು ಕ್ಯಾಮೆರಾದಿಂದ ಶುರುಮಾಡುತ್ತಿಲ್ಲ. ಮೊದಲು ಕಲ್ಲು ಮತ್ತು ಅದರ ಮೇಲೆ ಬೀಳುವ ಬೆಳಕು, ಆಮೇಲೆ ಫಿಲ್ಮು, ಆಮೇಲೆ ಲೆನ್ಸು. ಕ್ಯಾಮೆರಾ ಕೊನೆಗೆ. ನಿಮ್ಮ ಮನೆಯ ಬೀರುವಿನಲ್ಲಿ ಕೆಲಸ ಮಾಡುವ, ಲೆನ್ಸಿನ ಮೂಲಕವೇ ನೋಡಿ ತೆಗೆಯುವ ಹಳೆಯ ಎಸ್‌ಎಲ್‌ಆರ್ ಒಂದಿದ್ದರೆ ಹೊಸದಕ್ಕೆ ದುಡ್ಡು ಹಾಕದೆ ಆ ದುಡ್ಡಿಗೆ ಸರಿಯಾದ ರೋಲುಗಳನ್ನು ಕೊಳ್ಳಿ.

ಮೂರು ಕಲ್ಲು, ಮೂರು ಸ್ವಭಾವ

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವ ಕಲ್ಲು. ಆದ್ದರಿಂದಲೇ ಶಿಲ್ಪಿಯ ಉಳಿ ಅಷ್ಟು ಆಳಕ್ಕೆ ಹೋಗಿದೆ. ಒಡವೆಯ ಮಣಿಗಳ ಹಿಂದೆ, ಬಳ್ಳಿಯ ಸುರುಳಿಯ ಒಳಗೆ, ಎಲ್ಲ ಕಡೆ ಸಣ್ಣ ಸಣ್ಣ ನೆರಳು. ಬಣ್ಣ ಬೂದು, ಕೆಲವೆಡೆ ಹಸಿರು ಛಾಯೆ. ಇಲ್ಲಿ ನೀವು ಹಿಡಿಯಬೇಕಾದದ್ದು ಆ ನೆರಳಿನೊಳಗಿನ ವಿವರವನ್ನು. ಬಯಲಿನ ನೆರಳಿಗೆ ಬೆಳಕು ಸಿಗುವುದು ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆಯುವುದರಿಂದ ನೆರಳು ಪೂರ್ತಿ ಕಪ್ಪಾಗುತ್ತದೆ. ಹೊಯ್ಸಳ ಗುಡಿಗಳಿಗೆ ಫಿಲ್ಟರ್ ಇಲ್ಲದೆಯೇ ತೆಗೆಯಿರಿ. ತೀರಾ ಬೇಕೆಂದರೆ ತಿಳಿ ಹಳದಿ ಸಾಕು.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನದು ಮರಳುಗಲ್ಲು. ಕೆಂಪು, ಕಿತ್ತಳೆ, ನಡುನಡುವೆ ನೇರಳೆ ಪಟ್ಟೆ. ಇಲ್ಲಿ ಬಣ್ಣವೇ ಅರ್ಧ ಕಥೆ. ಕಪ್ಪುಬಿಳುಪಿನಲ್ಲಿ ತೆಗೆಯುವುದಾದರೆ ಫಿಲ್ಟರ್ ಎಂದರೆ ಬಂಡೆಯ ತೂಕವನ್ನು ಆರಿಸಿಕೊಂಡ ಹಾಗೆ. ಕಿತ್ತಳೆ ಫಿಲ್ಟರಿನಲ್ಲಿ ಬಂಡೆ ಹಗುರಾಗಿ ಆಕಾಶ ಗಾಢವಾಗುತ್ತದೆ, ಹಳದಿ-ಹಸಿರು ಫಿಲ್ಟರಿನಲ್ಲಿ ಬಂಡೆ ಭಾರವಾಗಿ ಅಗಸ್ತ್ಯ ತೀರ್ಥದ ಕೆರೆಯ ದಡದ ಮರಗಳು ತಿಳಿಯಾಗುತ್ತವೆ. ಇಲ್ಫೋರ್ಡ್ ಆರ್ಥೋ ಪ್ಲಸ್ ಎಂಬ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಬಿಸಿಲಿನಲ್ಲಿ ಅದರ ವೇಗ (ಅಂದರೆ ಬೆಳಕಿಗೆ ಫಿಲ್ಮು ಎಷ್ಟು ಚುರುಕು ಎಂಬ ಐಎಸ್‌ಒ ಅಳತೆ) 80. ಅದರಲ್ಲಿ ಬಾದಾಮಿಯ ಬಂಡೆ ಕಬ್ಬಿಣದಷ್ಟು ಕಪ್ಪಾಗಿ ಬರುತ್ತದೆ. ಬೇರೆ ಎಲ್ಲಿಗೂ ಅದನ್ನು ಮೊದಲ ಆಯ್ಕೆಯೆಂದು ಹೇಳಲಾರೆವು, ಬಾದಾಮಿಗೆ ಮಾತ್ರ ಒಂದು ರೋಲು ಒಯ್ಯುವುದು ಸಾರ್ಥಕ.

ಹಂಪಿಯದು ಗ್ರಾನೈಟು. ಗಟ್ಟಿ ಕಲ್ಲಾದ್ದರಿಂದ ಕಂಬದ ಉಬ್ಬುಚಿತ್ರಗಳು ಹೊಯ್ಸಳರಷ್ಟು ಆಳವಿಲ್ಲ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಆ ಚಿತ್ರಗಳು ಸಪಾಟಾಗಿ ಕಾಣೆಯಾಗುತ್ತವೆ. ಬೆಳಗ್ಗೆ ಎಂಟೂವರೆಯೊಳಗೆ, ಸಂಜೆ ನಾಲ್ಕರ ಮೇಲೆ, ಅಡ್ಡ ಬೆಳಕಿನಲ್ಲಿ ಮಾತ್ರ ಅವು ಎದ್ದು ಬರುತ್ತವೆ. ಅಂದಹಾಗೆ ಹಂಪಿಯೆಂದರೆ ಬರೀ ಗ್ರಾನೈಟಲ್ಲ: ರಾಜಾಂಗಣದ ಮೆಟ್ಟಿಲುಗೊಳ ಕರಿಕಲ್ಲಿನದು, ಕಮಲ ಮಹಲು ಗಾರೆಯದು. ಒಂದೇ ರೋಲಿನಲ್ಲಿ ಮೂರನ್ನೂ ತೆಗೆಯುವಾಗ ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನು ಕುರುಡಾಗಿ ನಂಬಬಾರದು. ಕಾರಣ ಮುಂದಿದೆ.

ಕಪ್ಪುಬಿಳುಪು ಫಿಲ್ಮುಗಳು

ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಮತ್ತು ಕೊಡಾಕ್ ಟ್ರೈ-ಎಕ್ಸ್, ಎರಡೂ 400 ವೇಗದವು. ಟ್ರೈ-ಎಕ್ಸ್‌ನಲ್ಲಿ ಕಪ್ಪುಬಿಳುಪಿನ ಅಂತರ ತುಸು ಜಾಸ್ತಿ, ಎಚ್‌ಪಿ5ರಲ್ಲಿ ನಡುವಿನ ಬೂದು ಛಾಯೆಗಳು ಹೆಚ್ಚು. ನಮ್ಮ ಊರಿನ ಬಿಸಿಲೇ ಸಾಕಷ್ಟು ಕಟುವಾಗಿರುವಾಗ ಫಿಲ್ಮೂ ಕಟುವಾಗಿರಬೇಕಿಲ್ಲ. ಆದ್ದರಿಂದ ಗುಡಿಗಳಿಗೆ ನಮ್ಮ ಮತ ಎಚ್‌ಪಿ5ಕ್ಕೆ. 

ಎಫ್‌ಪಿ4 ಪ್ಲಸ್ 125 ವೇಗದ್ದು. ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಣ, ಸಣ್ಣ; ಕೆತ್ತನೆಯ ಅಂಚು ಚೂಪು. ಹಳೇಬೀಡಿನ ಹೊಯ್ಸಳೇಶ್ವರದ ಪಡುವಣ ಗೋಡೆಗೆ ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬೀಳುವಾಗ ಇದಕ್ಕಿಂತ ಒಳ್ಳೆಯ ಫಿಲ್ಮು ಬೇಡ. ಎಫ್/8 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), 1/250 ಸೆಕೆಂಡಿನ ಶಟರಿನಲ್ಲಿ ಕೈಯಲ್ಲಿ ಹಿಡಿದೇ ತೆಗೆಯಬಹುದು. ಆದರೆ ಅದೇ ಕ್ಯಾಮೆರಾ ಹಿಡಿದು ನವರಂಗದೊಳಗೆ, ಅಂದರೆ ಗುಡಿಯೊಳಗಿನ ಕಂಬಗಳ ಹಜಾರಕ್ಕೆ, ಕಾಲಿಟ್ಟರೆ ಕೆಲಸ ಕೆಡುತ್ತದೆ. ಅಲ್ಲಿ 400 ಫಿಲ್ಮಿಗೇ ಎಫ್/2ರಲ್ಲಿ 1/15 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನದ ಶಟರ್ ಬೇಕಾಗುತ್ತದೆ. 125ಕ್ಕೆ ಅದರ ಮೂರುಪಟ್ಟು ಹೊತ್ತು.

ಹೊರಗೂ ಒಂದು ಕಷ್ಟದ ಜಾಗವಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರು ನಿಂತಿರುವುದು ಸೂರಿನ ಕೆಳಗೆ, ಓರೆಯಾಗಿ, ತಲೆಯೆತ್ತಿ ನೋಡುವ ಎತ್ತರದಲ್ಲಿ. ಅಂಗಳದ ಹಾಸುಗಲ್ಲು ಕಣ್ಣು ಕೋರೈಸುತ್ತಿರುವಾಗಲೂ ಅವರ ಮುಖದ ಮೇಲೆ ಬಿಸಿಲು ಬಿದ್ದಿರುವುದಿಲ್ಲ. ನೆಲದಿಂದ ಎಗರಿದ ಬೆಳಕು ಗಲ್ಲದ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿರುತ್ತದೆ. ಕನ್ನಡಿ ಹಿಡಿದ ಮದನಿಕೆಯ ಮೊಣಕೈ ಕೆಳಭಾಗ ಬೆಳಗಿ, ಹಣೆ ನೆರಳಾಗಿರುತ್ತದೆ. ಬಿಸಿಲಿಗೂ ಆ ಮುಖಕ್ಕೂ ಸುಮಾರು ನಾಲ್ಕು ಸ್ಟಾಪ್ ಅಂತರ. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ, ಹಾಗಾಗಿ ನಾಲ್ಕು ಸ್ಟಾಪ್ ಎಂದರೆ ಹದಿನಾರನೇ ಒಂದು ಪಾಲು. 135 ಎಂಎಂ ಲೆನ್ಸು, 400 ಫಿಲ್ಮು, ಎಫ್/4, 1/250: ಇದು ಅಳೆಯಲು ಆರಂಭದ ಬಿಂದು. ಚೌಕಟ್ಟಿನಲ್ಲಿ ಆಕಾಶದ ಒಂದು ಚೂರೂ ಬರದಂತೆ ನೋಡಿಕೊಳ್ಳಿ. ಬಂದರೆ ಮೀಟರ್ ಮೋಸಹೋಗಿ ಮದನಿಕೆ ಕರಿ ಆಕೃತಿಯಷ್ಟೇ ಆಗಿ ಉಳಿಯುತ್ತಾಳೆ.

ಡೆಲ್ಟಾ 3200 ಕತ್ತಲಿಗೆಂದು ಹಲವರು ಕೊಳ್ಳುತ್ತಾರೆ. ಡಬ್ಬಿಯ ಮೇಲೆ 3200 ಎಂದಿದ್ದರೂ ಅದರ ಅಸಲು ವೇಗ 1000ದ ಆಸುಪಾಸು. ಉಳಿದದ್ದನ್ನು ಹೆಚ್ಚು ಹೊತ್ತು ತೊಳೆದು (ಡೆವಲಪ್ ಮಾಡಿ) ಗಳಿಸಬೇಕು. ಗ್ರೇನ್ ದಪ್ಪ. ಗೋಳಗುಮ್ಮಟದ ಒಳಗೆ, ಜನ ಓಡಾಡುತ್ತಿರುವಾಗ ಕೈಯಲ್ಲೇ ತೆಗೆಯಬೇಕೆಂದರೆ ಇದು ಸರಿ. ಆದರೆ ಹೊರಗೆ ಬಂದ ಕೂಡಲೇ ಬಿಸಿಲು ಇದಕ್ಕೆ ವಿಪರೀತ ಜಾಸ್ತಿ. 1/500ಕ್ಕೆ ನಿಲ್ಲುವ ಕ್ಯಾಮೆರಾಗಳಲ್ಲಿ ಎಫ್/32ಕ್ಕೆ ಇಳಿಸಿದರೂ ಹೆಚ್ಚಾಗುತ್ತದೆ. ಒಳಗೂ ಹೊರಗೂ ಒಂದೇ ರೋಲು ಸಾಗಬೇಕಾದರೆ ಎಚ್‌ಪಿ5 ಹಾಕಿ, ಇಡೀ ರೋಲನ್ನು 1600 ಎಂದು (ಮೀಟರಿನಲ್ಲಿ ಆ ವೇಗವನ್ನಿಟ್ಟು) ಅಳೆದು ತೆಗೆದು, ಐಡಿ-11 ಡೆವಲಪರಿನಲ್ಲಿ ನೀರು ಬೆರೆಸದೆ 20 ಡಿಗ್ರಿಯಲ್ಲಿ 14 ನಿಮಿಷ ತೊಳೆಯಿರಿ. ಅರ್ಧ ರೋಲು 400, ಅರ್ಧ ರೋಲು 1600 ಎಂದು ಮಾಡಬೇಡಿ. ತೊಳೆಯುವ ಹೊತ್ತು ಇಡೀ ರೋಲಿಗೆ ಒಂದೇ.

ಫೋಮಾಪ್ಯಾನ್ 400 ಅಗ್ಗ. ಅದನ್ನು 200 ಅಥವಾ 250 ಎಂದು ಅಳೆದರೆ ನೆರಳು ಉಳಿಯುತ್ತದೆ, 400 ಎಂದೇ ಅಳೆದರೆ ಕೆತ್ತನೆಯ ಸಂದುಗಳು ಖಾಲಿಯಾಗುತ್ತವೆ. ಕಲಿಯುವ ಮೊದಲ ಎರಡು ಮೂರು ರೋಲುಗಳಿಗೆ ಒಳ್ಳೆಯದು.

ಬಣ್ಣ ಯಾವಾಗ ಬೇಕು?

ಬಣ್ಣವೇ ಪರಂಪರೆಯಾಗಿರುವ ಕಡೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳು, ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಮಾಳಿಗೆಯ (ಒಳಛಾವಣಿಯ) ಚಿತ್ರಗಳು, ಬಾದಾಮಿಯ ಬಂಡೆ, ಜಾತ್ರೆಯ ತೇರಿನ ಬಟ್ಟೆ. ಇವನ್ನು ಕಪ್ಪುಬಿಳುಪಿನಲ್ಲಿ ತೆಗೆದರೆ ಹೇಳಬೇಕಾದದ್ದೇ ಬಿಟ್ಟುಹೋಗುತ್ತದೆ.

ಕೊಡಾಕ್ ಗೋಲ್ಡ್ 200, ಎಕ್ಟಾರ್ 100, ಪೋರ್ಟ್ರಾ 400 ಈ ಮೂರರ ನಡುವೆ ಆಯ್ಕೆ. ಬೆಲೆ ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಏರುತ್ತದೆ. ಗೋಲ್ಡ್ ಬೆಚ್ಚಗಿನ ಹಳದಿಗೆ ವಾಲುತ್ತದೆ. ಸಂಜೆಯ ಹಂಪಿಗೆ, ಪಡುವಣಕ್ಕೆ ಮುಖಮಾಡಿದ ಆನೆಲಾಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಎಕ್ಟಾರ್ ಕೆಂಪನ್ನು ಎತ್ತಿ ತೋರಿಸುತ್ತದೆ, ಗ್ರೇನ್ ಬಹಳ ಸಣ್ಣ. ಬಾದಾಮಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬೆಳಕು ಕಡಿಮೆ ಕೊಟ್ಟರೆ ಅದು ಕ್ಷಮಿಸುವುದಿಲ್ಲ: ನೆರಳೆಲ್ಲ ನೀಲಿಗೆ ತಿರುಗುತ್ತದೆ, ಸ್ಕ್ಯಾನ್‌ನಲ್ಲಿ ಸರಿಪಡಿಸಹೋದರೆ ಬಂಡೆಯ ಬಣ್ಣ ಕೆಡುತ್ತದೆ. ಜೊತೆಗೆ ಹತ್ತಿರದಿಂದ ಮನುಷ್ಯರನ್ನು ತೆಗೆದರೆ ಮುಖಗಳು ಕೆಂಪೇರುತ್ತವೆ. ಪೋರ್ಟ್ರಾ 400 ಇದಕ್ಕೆ ತದ್ವಿರುದ್ಧ. ಬಣ್ಣ ಸೌಮ್ಯ, ಒಂದೆರಡು ಸ್ಟಾಪ್ ಬೆಳಕು ಹೆಚ್ಚಾದರೂ ತೊಂದರೆಯಿಲ್ಲ. ಅರೆಬೆಳಕಿನ ಮಂಟಪ, ಪೂಜಾರಿ, ಹೂ ಮಾರುವವರು, ಕಲ್ಲು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರುವಾಗ ಪೋರ್ಟ್ರಾಕ್ಕೆ ಕೊಟ್ಟ ಹೆಚ್ಚಿನ ಬೆಲೆ ನ್ಯಾಯವೇ.

ನೆಗೆಟಿವ್ ಬದಲು ನೇರವಾಗಿ ಬಣ್ಣದ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮನ್ನು, ಅಂದರೆ ಎಕ್ಟಾಕ್ರೋಮ್ ಇ100ನ್ನು, ಮೊದಲ ಪ್ರವಾಸಕ್ಕೆ ಒಯ್ಯಬೇಡಿ. ಅರ್ಧ ಸ್ಟಾಪ್ ತಪ್ಪಿದರೂ ಚಿತ್ರ ಕೆಡುತ್ತದೆ. ಬಿಸಿಲು, ಕಂಬದ ನೆರಳು ಎರಡೂ ಇರುವ ಮಂಟಪ ಅದರ ಅಳತೆಯೊಳಗೆ ಹಿಡಿಸುವುದೇ ಇಲ್ಲ. ಅದನ್ನು ತೊಳೆಯುವ ಇ-6 ರಾಸಾಯನಿಕವನ್ನು ಎಲ್ಲ ಲ್ಯಾಬಿನವರೂ ಇಟ್ಟಿರುವುದಿಲ್ಲ. ರೋಲು ಕೊಳ್ಳುವ ಮುನ್ನವೇ ತೊಳೆಯುವವರನ್ನು ಗೊತ್ತುಮಾಡಿಕೊಳ್ಳಿ.

ಮೀಟರ್ ಎಲ್ಲಿ ಎಡವುತ್ತದೆ

ಕ್ಯಾಮೆರಾದ ಮೀಟರ್ ತಾನು ಕಂಡದ್ದನ್ನೆಲ್ಲ ನಡುವಿನ ಬೂದು ಎಂದೇ ಭಾವಿಸುತ್ತದೆ. ಕರಿಕಲ್ಲಿನ ಕೊಳ ತೋರಿಸಿದರೆ ಬೆಳಕು ಜಾಸ್ತಿ ಕೊಡಿ ಎನ್ನುತ್ತದೆ, ಸುಣ್ಣ ಹೊಡೆದ ಗೋಪುರ ತೋರಿಸಿದರೆ ಕಡಿಮೆ ಕೊಡಿ ಎನ್ನುತ್ತದೆ. ನೆಗೆಟಿವ್ ಫಿಲ್ಮಿನಲ್ಲಿ ಮೊದಲನೆಯ ತಪ್ಪಿನಿಂದ ದೊಡ್ಡ ನಷ್ಟವಿಲ್ಲ, ಎರಡನೆಯದು ಅಪಾಯ. ಬಿಳಿ ಗಾರೆಗೆ ಒಂದು ಸ್ಟಾಪ್ ಹೆಚ್ಚು ಕೊಡಿ. ಸ್ಲೈಡಿನಲ್ಲಿ ಮಾತ್ರ ಎರಡನ್ನೂ ಸರಿಪಡಿಸಲೇಬೇಕು: ಕರಿಕಲ್ಲಿಗೆ ಒಂದು ಸ್ಟಾಪ್ ಇಳಿಸಿ, ಗಾರೆಗೆ ಒಂದು ಏರಿಸಿ.

ಗೋಪುರ, ಶಿಖರಗಳಿಗೆ ಇನ್ನೊಂದು ಸರಳ ಅಭ್ಯಾಸ. ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ ಬರೀ ಕಲ್ಲನ್ನು ಅಳೆಯಿರಿ, ಆ ಅಳತೆಯನ್ನೇ ಇಟ್ಟುಕೊಂಡು ಮೇಲೆತ್ತಿ ಚೌಕಟ್ಟು ಕಟ್ಟಿ. ಮೀಟರ್ ಸತ್ತಿದ್ದರೆ ನಿಚ್ಚಳ ಬಿಸಿಲಿಗೆ ಹಳೆಯ ಲೆಕ್ಕ ಸಾಕು: ಎಫ್/16 ಇಟ್ಟು ಫಿಲ್ಮಿನ ವೇಗದಷ್ಟೇ ಶಟರ್, 125 ಫಿಲ್ಮಿಗೆ 1/125. ನೆರಳಿಗೆ ಮೂರು ಸ್ಟಾಪ್ ಹೆಚ್ಚು.

ಫಿಲ್ಟರ್ ಹಾಕಿದಾಗ ಕಳೆಯುವ ಬೆಳಕು: ಹಳದಿಗೆ ಒಂದು ಸ್ಟಾಪ್, ಕಿತ್ತಳೆ ಮತ್ತು ಹಳದಿ-ಹಸಿರಿಗೆ ಸುಮಾರು ಎರಡು, ಗಾಢ ಕೆಂಪಿಗೆ ಮೂರು. ಲೆನ್ಸಿನ ಮೂಲಕವೇ ಅಳೆಯುವ ಕ್ಯಾಮೆರಾ ಇದನ್ನು ತಾನೇ ಲೆಕ್ಕ ಹಿಡಿಯುತ್ತದೆ. ಫೋನಿನ ಮೀಟರ್ ಆ್ಯಪ್ ಬಳಸುವವರು ಕೈಯಾರೆ ಕೂಡಿಸಬೇಕು, ಎಷ್ಟೋ ರೋಲುಗಳು ಹಾಳಾಗುವುದು ಇದನ್ನು ಮರೆತಾಗಲೇ.

ಲೆನ್ಸು ಮತ್ತು ಐವತ್ತು ಮೀಟರಿನ ಗೋಪುರ

ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ನೆಟ್ಟಗೆ ನಿಲ್ಲಬೇಕಾದರೆ ಕ್ಯಾಮೆರಾ ನೆಲಕ್ಕೆ ಸಮವಾಗಿರಬೇಕು, ಆಗ ತುದಿಯೂ ಹಿಡಿಸಬೇಕಾದರೆ ಹಿಂದಕ್ಕೆ ಹೋಗಬೇಕು. ಎಷ್ಟು ಹಿಂದಕ್ಕೆ? ವಿರೂಪಾಕ್ಷ ಗುಡಿಯ ದೊಡ್ಡ ಗೋಪುರದ ಎತ್ತರ ಸುಮಾರು 50 ಮೀಟರ್. 35 ಎಂಎಂ ಕ್ಯಾಮೆರಾವನ್ನು ಉದ್ದುದ್ದ ಹಿಡಿದಾಗ 50 ಎಂಎಂ ಲೆನ್ಸಿಗೆ ಸುಮಾರು 135 ಮೀಟರ್ ದೂರ ಬೇಕು, 28ಕ್ಕೆ 75, 24ಕ್ಕೆ 65. ಹಂಪಿಯಲ್ಲಿ ಗೋಪುರದ ಮುಂದೆ ಉದ್ದನೆಯ ರಥಬೀದಿಯೇ ಇರುವುದರಿಂದ 50 ಎಂಎಂ ಸಾಕು. ಅಗಲದ ಲೆನ್ಸಿಗೆಂದು ದುಡ್ಡು ಸುರಿಯುವ ಅಗತ್ಯವಿಲ್ಲ. ಆದರೆ ಇಕ್ಕಟ್ಟಾದ ಪ್ರಾಕಾರದೊಳಗಿನ ಗುಡಿಗಳಲ್ಲಿ ಅಷ್ಟು ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ. ಅಲ್ಲಿ 28 ಬೇಕೇ ಬೇಕು.

ಸಮವಾಗಿ ಹಿಡಿದಾಗ ಚಿತ್ರದ ಕೆಳಗಿನ ಅರ್ಧಕ್ಕೆ ಬರೀ ನೆಲ ಬರುತ್ತದೆ. ಪ್ರಿಂಟ್ ಹಾಕಿಸುವಾಗ ಅದನ್ನು ಕತ್ತರಿಸಿ, ಇಲ್ಲವೇ ಆ ನೆಲಕ್ಕೊಂದು ಕೆಲಸ ಕೊಡಿ: ಹಾಸುಗಲ್ಲಿನ ಸಾಲು, ಮಂಟಪದ ನೆರಳು. ನಿಕಾನ್‌ನ ಪಿಸಿ-ನಿಕ್ಕಾರ್ 28 ಮತ್ತು 35 ಎಂಎಂ ಲೆನ್ಸುಗಳಲ್ಲಿ ಲೆನ್ಸನ್ನೇ ಮೇಲಕ್ಕೆ ಸರಿಸಬಹುದು, ಹೆಚ್ಚೆಂದರೆ 11 ಮಿಲಿಮೀಟರ್. ಅದರಿಂದ 28 ಎಂಎಂನಲ್ಲಿ ಬೇಕಾಗುವ 75 ಮೀಟರ್ ದೂರ 50ರ ಆಸುಪಾಸಿಗೆ ಇಳಿಯುತ್ತದೆ. ವಾಸ್ತುವನ್ನೇ ಮುಖ್ಯವಾಗಿ ದಾಖಲಿಸುವವರಿಗೆ ಇದೊಂದೇ ದುಬಾರಿ ಲೆನ್ಸನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇವೆ. ಆದರೆ ಸರಿಸುವ ಮುನ್ನವೇ ಬೆಳಕನ್ನು ಅಳೆಯಬೇಕು. ಸರಿಸಿದ ಮೇಲೆ ಮೀಟರ್ ತಪ್ಪು ಹೇಳುತ್ತದೆ.

ಅಂದಹಾಗೆ, ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ತಲೆಕೆಳಗಾಗಿ ಗೋಡೆಯ ಮೇಲೆ ಬರೆಯುತ್ತದೆ. ಕ್ಯಾಮೆರಾ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಫಿಲ್ಮು ಹಿಡಿದು ಹೋದವರು ಅದನ್ನು ನೋಡದೆ ಬರಬಾರದು.

ಕ್ಯಾಮೆರಾಗಳು

ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಕ್ಯಾನನ್ ಎಇ-1, ಈ ಮೂರು ಹಳೆಯ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ಎಸ್‌ಎಲ್‌ಆರ್‌ಗಳು. ಮೊದಲೆರಡಕ್ಕೆ ಬ್ಯಾಟರಿ ಬೇಕಿರುವುದು ಮೀಟರಿಗೆ ಮಾತ್ರ, ಸತ್ತರೂ ಶಟರ್ ನಡೆಯುತ್ತದೆ. ಎಇ-1 ಬ್ಯಾಟರಿಯಿಲ್ಲದೆ ನಡೆಯುವುದೇ ಇಲ್ಲ, ಅದಕ್ಕೆ ಬೇಕಾದ 6 ವೋಲ್ಟಿನ ಪುಟ್ಟ ಬ್ಯಾಟರಿ ಐಹೊಳೆಯ ಅಂಗಡಿಯಲ್ಲಿ ಸಿಗುತ್ತದೆಂದು ನಂಬಿ ಹೋಗಬಾರದು. ಎಫ್‌ಎಂ2ರ ಶಟರ್ 1/4000ದವರೆಗೆ ಹೋಗುವುದರಿಂದ 400 ಫಿಲ್ಮಿನಲ್ಲೂ ನಡುಹಗಲಲ್ಲಿ ಎಫ್/5.6 ಇಟ್ಟು ಹಿನ್ನೆಲೆಯನ್ನು ಮಸುಕುಮಾಡಬಹುದು; ಕೆ1000 ನಿಲ್ಲುವುದು 1/1000ದಲ್ಲಿ. ಗುಡಿಗಳಿಗೆ ಆ ಸೌಲಭ್ಯ ಅಷ್ಟೇನೂ ಬೇಕಾಗದು. ಬೆಲೆಯ ಅಂತರ ನೋಡಿದರೆ ಕೆ1000ವೇ ಜಾಣ ಆಯ್ಕೆ.

ಯಾವುದನ್ನೇ ಕೊಳ್ಳಿ, ಹಿಂಬಾಗಿಲು ತೆಗೆದು ಅಂಚಿನ ಕಪ್ಪು ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಲ್ಲದ ಪಾಕದ ಹಾಗೆ ಅಂಟಿದರೆ ಅದು ಕರಗಿದೆ ಎಂದರ್ಥ. ಬಿಸಿಲಿನಲ್ಲಿ ಬೆಳಕು ಒಳನುಗ್ಗಿ ಬಣ್ಣದ ಚಿತ್ರಗಳ ಅಂಚಿನಲ್ಲಿ ಕಿತ್ತಳೆ ಪಟ್ಟೆ ಬರುತ್ತದೆ. ಸ್ಪಂಜು ಬದಲಿಸುವುದು ಕಷ್ಟದ ಕೆಲಸವಲ್ಲ, ಪ್ರವಾಸಕ್ಕೆ ಮೊದಲು ಮಾಡಿಸಿ.

ಯಾಶಿಕಾ ಮ್ಯಾಟ್ 124ಜಿಯಂಥ ಎರಡು ಲೆನ್ಸಿನ ಕ್ಯಾಮೆರಾದಲ್ಲಿ 120 ರೋಲಿಗೆ 12 ಚೌಕ ಚಿತ್ರಗಳು. ನೆಗೆಟಿವ್ 35 ಎಂಎಂಗಿಂತ ಮೂರೂವರೆ ಪಟ್ಟು ದೊಡ್ಡದು, ಆದ್ದರಿಂದ ದೊಡ್ಡ ಪ್ರಿಂಟಿನಲ್ಲಿ ಮಣಿಯ ಮಣಿಯೂ ಕಾಣುತ್ತದೆ. ಸೊಂಟದ ಮಟ್ಟದಲ್ಲಿ ಹಿಡಿದು ಬಗ್ಗಿ ನೋಡುವುದರಿಂದ ಕ್ಯಾಮೆರಾ ತಾನಾಗಿಯೇ ಸಮವಾಗಿ ನಿಲ್ಲುತ್ತದೆ, ಗೋಡೆ ನೆಟ್ಟಗೆ ಬರುತ್ತದೆ. ಕಿರಿಕಿರಿ ಎಂದರೆ ಎಡಬಲ ಅದಲುಬದಲಾಗಿ ಕಾಣುವುದು ಮತ್ತು ಲೆನ್ಸು ಬದಲಿಸಲಾಗದಿರುವುದು. ಮದನಿಕೆಯರು ಇದರ ಕೈಗೆಟುಕುವುದಿಲ್ಲ. ಜಗತಿಯ, ಅಂದರೆ ಗುಡಿಯ ಕಟ್ಟೆಯ, ಮೇಲೆ ನಿಂತು ಎದೆಯ ಮಟ್ಟದ ಪಟ್ಟಿಕೆಗಳನ್ನು, ಅಂದರೆ ಆನೆ, ಕುದುರೆ, ಬಳ್ಳಿ, ರಾಮಾಯಣದ ಸಾಲುಗಳನ್ನು ತೆಗೆಯಲು ಇದಕ್ಕೆ ಸಾಟಿಯಿಲ್ಲ. ಇದರ ಮೀಟರಿಗೆಂದು ಮಾಡಿದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಫೋನಿನಲ್ಲೇ ಅಳೆಯಿರಿ.

ಹಾಫ್-ಫ್ರೇಮ್ ಕ್ಯಾಮೆರಾಗಳು, ಉದಾಹರಣೆಗೆ 2024ರಲ್ಲಿ ಬಂದ ಪೆಂಟಾಕ್ಸ್ 17, ಒಂದು ರೋಲಿನಲ್ಲಿ 72 ಚಿತ್ರ ಕೊಡುತ್ತವೆ. ಜಾತ್ರೆ, ಸಂತೆ, ದಾರಿಯ ಟಿಪ್ಪಣಿಗೆ ಒಳ್ಳೆಯದು, ಕೆತ್ತನೆಗೆ ಸಾಲದು. ಆಟೋಮ್ಯಾಟಿಕ್ ಪುಟ್ಟ ಕ್ಯಾಮೆರಾ ಒಯ್ಯುವವರು ಫ್ಲ್ಯಾಶ್ ಆರಿಸುವುದನ್ನು ಕಲಿತೇ ಹೋಗಬೇಕು. ಚಿತ್ರಗಳಿರುವ ಮಾಳಿಗೆ, ಗೋಡೆಗಳ ಎದುರು ಅದು ತಾನೇ ಮಿಂಚಿದರೆ ನಿಯಮವೂ ಮುರಿದಂತೆ, ಬಣ್ಣಕ್ಕೂ ಕೇಡು.

ಒಳಗಿನ ಕತ್ತಲು

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಬಾಗಿಲಲ್ಲಿ ಕೇಳಿದರೆ ಸಿಗುವುದಿಲ್ಲ. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ಅನುಮತಿ ಇಲ್ಲದವರಿಗೆ ಉಳಿದಿರುವುದು ವೇಗದ (ಕಿಂಡಿ ದೊಡ್ಡದಾಗಿ ತೆರೆಯುವ) ಲೆನ್ಸು, 1600ಕ್ಕೆ ಏರಿಸಿದ ಎಚ್‌ಪಿ5 ಮತ್ತು ಉಸಿರು ಬಿಟ್ಟು ನಿಧಾನವಾಗಿ ಒತ್ತುವ ಬೆರಳು. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದರೆ 1/15ರಲ್ಲೂ ಅಲುಗದ ಚಿತ್ರ ಸಿಗುತ್ತದೆ. ಕಂಬಕ್ಕೆ ಒರಗುವುದು ಬೇಡ. ಮುಟ್ಟಿ ಮುಟ್ಟಿ ಸವೆದ ಕೆತ್ತನೆಗಳು ಈಗಾಗಲೇ ಬೇಕಾದಷ್ಟಿವೆ.

ಅನುಮತಿ ಇದ್ದವರಿಗೆ ಬೇರೆಯದೇ ಲೆಕ್ಕ. ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದರೆ ಫಿಲ್ಮು ಮಂದವಾಗುತ್ತದೆ, ಮೀಟರ್ ಹೇಳಿದ ಹೊತ್ತು ಸಾಲದು. ಎಚ್‌ಪಿ5ಕ್ಕೆ ಮೀಟರ್ 4 ಸೆಕೆಂಡ್ ಎಂದರೆ 6, 10 ಎಂದರೆ 20, 30 ಎಂದರೆ 86 ಸೆಕೆಂಡ್ ಕೊಡಿ. ಎಫ್‌ಪಿ4ಕ್ಕೆ 10 ಇದ್ದದ್ದು 18, 30 ಇದ್ದದ್ದು 73. ಹೊಯ್ಸಳರ ಭುವನೇಶ್ವರಿಗಳನ್ನು, ಅಂದರೆ ಮಾಳಿಗೆಯ ಕಮಲದ ಕೆತ್ತನೆಗಳನ್ನು ತೆಗೆಯುವಾಗ ಈ ಪಟ್ಟಿ ಜೇಬಿನಲ್ಲಿರಲಿ.

ಬಾದಾಮಿಯ ಗುಹೆಗಳಲ್ಲಿ ಇಷ್ಟು ಕಷ್ಟವಿಲ್ಲ. 578ರ ಶಾಸನವಿರುವ ಮೂರನೆಯ ಗುಹೆಯನ್ನೇ ನೋಡಿ. ಮುಂಭಾಗ ಪೂರ್ತಿ ತೆರೆದಿದೆ. ವರಾಂಡದ ತುದಿಗಳ ಗೋಡೆಯ ಮೇಲಿರುವ ಶೇಷನ ಮೇಲೆ ಕುಳಿತ ವಿಷ್ಣುವಿಗೆ, ತ್ರಿವಿಕ್ರಮನಿಗೆ ಬೆಳಕು ಬರುವುದು ಪಕ್ಕದಿಂದ. ಎತ್ತಿದ ಕಾಲಿನ ಒಂದು ಮಗ್ಗುಲು ಬೆಳಗಿ ಇನ್ನೊಂದು ಮೆಲ್ಲನೆ ಕಪ್ಪಾಗುತ್ತದೆ. ಈ ಬೆಳಕಿಗೆ ಫಿಲ್ಟರ್ ಬೇಡ, ಟ್ರೈಪಾಡ್ ಬೇಡ. 400 ಫಿಲ್ಮು, ಎಫ್/2.8, 1/60ರಿಂದ ಅಳೆಯಲು ಶುರುಮಾಡಿ.

ಬಿಸಿ, ಧೂಳು, ಎಕ್ಸ್‌ರೇ

ಏಪ್ರಿಲ್, ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಬಣ್ಣದ ಫಿಲ್ಮು ಒಂದೇ ಮಧ್ಯಾಹ್ನದಲ್ಲಿ ಕೆಡಬಹುದು. ಕಪ್ಪುಬಿಳುಪು ಸ್ವಲ್ಪ ತಾಳಿಕೊಳ್ಳುತ್ತದೆ. ರೋಲುಗಳನ್ನು ಊಟದ ಡಬ್ಬಿಯ ಥರ್ಮಲ್ ಚೀಲದಲ್ಲಿಡಿ, ಐಸ್ ನೇರವಾಗಿ ತಾಗದಿರಲಿ. ಫ್ರಿಜ್ಜಿನಿಂದ ತೆಗೆದ ರೋಲಿನ ಡಬ್ಬಿಯನ್ನು ಒಂದು ತಾಸು ಬಿಟ್ಟು ತೆರೆಯಿರಿ, ಇಲ್ಲವಾದರೆ ಫಿಲ್ಮಿನ ಮೇಲೆ ಹನಿಗಟ್ಟುತ್ತದೆ. ರೋಲು ಹಾಕುವುದು ನೆರಳಿನಲ್ಲಿ, ಗಾಳಿಗೆ ಬೆನ್ನು ಮಾಡಿ. ಒಂದು ಮರಳಿನ ಕಣ ಸಿಕ್ಕಿಕೊಂಡರೂ 36 ಚಿತ್ರಗಳ ಉದ್ದಕ್ಕೂ ಒಂದೇ ಗೀರು. ಹಾಕಿದ ಮೇಲೆ ಹಿಂದಕ್ಕೆ ಸುತ್ತುವ ಹಿಡಿಯನ್ನು ಮೆಲ್ಲಗೆ ಬಿಗಿಮಾಡಿ, ಮುಂದಿನ ಚಿತ್ರಕ್ಕೆ ತಿರುಗಿಸುವಾಗ ಆ ಹಿಡಿಯೂ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಫಿಲ್ಮು ಹಲ್ಲಿಗೆ ಸಿಕ್ಕಿಲ್ಲ; ದಿನವಿಡೀ ಖಾಲಿ ಶಟರ್ ಒತ್ತಿದಂತಾಗುತ್ತದೆ.

ವಿಮಾನದಲ್ಲಿ ಬರುವವರು ಫಿಲ್ಮನ್ನು ಲಗೇಜಿಗೆ ಹಾಕಲೇಬಾರದು. ಅಲ್ಲಿನ ಎಕ್ಸ್‌ರೇ ಬಲು ಜೋರು. ಕೈಚೀಲಕ್ಕೂ ಈಗ ಸಿಟಿ ಸ್ಕ್ಯಾನರುಗಳು ಬರುತ್ತಿವೆ, ಅವು 400ರ ಫಿಲ್ಮಿಗೂ ಮಂಜು ಕವಿಸುತ್ತವೆ. ರೋಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಕೈಯಿಂದ ತಪಾಸಣೆ ಮಾಡಿ ಎಂದು ವಿನಯವಾಗಿ ಕೇಳಿ. ಹೊರದೇಶದಿಂದ ಬರುವ ಕನ್ನಡಿಗರಿಗೆ ಇನ್ನೊಂದು ದಾರಿಯಿದೆ: ಫಿಲ್ಮನ್ನು ಬೆಂಗಳೂರಿನಲ್ಲೇ ಕೊಂಡು, ಇಲ್ಲೇ ತೊಳೆಸಿ, ನೆಗೆಟಿವ್ ಒಯ್ಯುವುದು. ತೊಳೆದ ನೆಗೆಟಿವ್‌ಗೆ ಎಕ್ಸ್‌ರೇಯಿಂದ ಏನೂ ಆಗುವುದಿಲ್ಲ.

ಲ್ಯಾಬೋ, ಮನೆಯೋ?

ಬಣ್ಣದ ಫಿಲ್ಮಿಗೆ ಲ್ಯಾಬೇ ಸರಿ. ಅದರ ರಾಸಾಯನಿಕ 38 ಡಿಗ್ರಿಯಲ್ಲಿ ಅರ್ಧ ಡಿಗ್ರಿಯೂ ಅಲುಗದೆ ನಿಲ್ಲಬೇಕು. ಸ್ಕ್ಯಾನ್ ಎಷ್ಟು ದೊಡ್ಡದು ಎಂದು ಮೊದಲೇ ಕೇಳಿ. 35 ಎಂಎಂ ಚಿತ್ರ 2400 ಡಿಪಿಐನಲ್ಲಿ (ಇಂಚಿಗೆ 2400 ಚುಕ್ಕೆ) ಸುಮಾರು 3400 x 2270 ಪಿಕ್ಸೆಲ್ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಫ್‌ಪಿ4 ಹಿಡಿದ ಕೆತ್ತನೆ ಸ್ಕ್ಯಾನ್‌ನಲ್ಲಿ ಕಳೆದುಹೋಗುತ್ತದೆ. ನೆಗೆಟಿವ್‌ಗಳನ್ನು ವಾಪಸು ಕೊಡಬೇಕೆಂದು ರಸೀದಿಯ ಮೇಲೆ ಬರೆಸಿ.

ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು, ಖರ್ಚೂ ಕಡಿಮೆ. ಒಂದು ಲೀಟರಿನ ಡಿ-76 ಅಥವಾ ಐಡಿ-11 ಪುಡಿ ಕಲಸಿಟ್ಟು, ಒಂದಕ್ಕೊಂದು ನೀರು ಬೆರೆಸಿ ಬಳಸಿದರೆ 300 ಮಿಲಿಲೀಟರಿನ ಟ್ಯಾಂಕಿಗೆ 150 ಮಿಲಿ ಸಾಕು. ಅಲ್ಲಿಗೆ ಆರು ರೋಲು. ಪುಸ್ತಕಗಳೆಲ್ಲ 20 ಡಿಗ್ರಿ ಎನ್ನುತ್ತವೆ, ನಮ್ಮ ನಲ್ಲಿಯ ನೀರು ಬೇಸಿಗೆಯಲ್ಲಿ 27, 28 ಇರುತ್ತದೆ. ಐಸ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ನೀರಿನಲ್ಲಿ ಮುಳುಗಿಸಿ 24ಕ್ಕೆ ಇಳಿಸಿಕೊಂಡರೆ ಸಾಕು. 400 ಎಂದೇ ಅಳೆದ ಎಚ್‌ಪಿ5 ಈ ಹದದಲ್ಲಿ 20 ಡಿಗ್ರಿಗೆ 13 ನಿಮಿಷ, 24ಕ್ಕೆ ಸುಮಾರು 9. ಇನ್ನೂ ಬಿಸಿಯಾಗಿದ್ದು ಹೊತ್ತು 5 ನಿಮಿಷಕ್ಕಿಂತ ಕೆಳಗಿಳಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ, ಉಳಿದ ಹೊತ್ತು ಸುಮ್ಮನಿಡಿ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಮೂರೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರಲಿ. ತಣ್ಣಗಿನದರಿಂದ ತಟ್ಟನೆ ಬಿಸಿಗೆ ಹಾಕಿದರೆ ಫಿಲ್ಮಿನ ಮೇಲ್ಪದರ ಸುಕ್ಕುಗಟ್ಟುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಕೊನೆಯ ಜಾಲಿಸುವಿಕೆಗೆ ಮಾತ್ರ ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಬಳಸಿ, ನೀರು ಹನಿಯಾಗಿ ನಿಲ್ಲದಂತೆ ಮಾಡುವ ವೆಟ್ಟಿಂಗ್ ಏಜೆಂಟ್ ಒಂದೆರಡು ಹನಿ ಸೇರಿಸಿ. ಗಡಸು ನೀರಿನ ಸುಣ್ಣ ಒಣಗಿ ಕೂತರೆ ಅದು ಗೋಪುರದ ಮೇಲಿನ ಆಕಾಶದಲ್ಲಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಬಚ್ಚಲುಮನೆಯಲ್ಲಿ ಬಿಸಿನೀರು ಚಿಮುಕಿಸಿ ಧೂಳು ಅಡಗಿಸಿ, ಅಲ್ಲೇ ಕ್ಲಿಪ್ ಹಾಕಿ ತೂಗುಬಿಡಿ.

ಚೀಲದಲ್ಲಿ ಏನಿರಲಿ?

ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಎರಡು ದಿನ: ಎಕ್ಟಾರ್ ಎರಡು ರೋಲು, ಗುಹೆಗೆ ಎಚ್‌ಪಿ5 ಒಂದು, ಮನಸ್ಸಿದ್ದರೆ ಆರ್ಥೋ ಒಂದು, 28 ಮತ್ತು 50 ಎಂಎಂ. ಬೇಲೂರು, ಹಳೇಬೀಡಿಗೆ: ಎಫ್‌ಪಿ4 ಒಂದು, ಎಚ್‌ಪಿ5 ಎರಡು, 50 ಮತ್ತು 135. ಮಳೆಗಾಲದಲ್ಲಿ ಹಾಸನದ ಕಡೆ ಹೋಗುವುದಾದರೆ ಎಫ್‌ಪಿ4 ಬಿಟ್ಟು ಎಲ್ಲವೂ ಎಚ್‌ಪಿ5 ಆಗಲಿ. ಮೋಡದ ಬೆಳಕು ಕೆತ್ತನೆಗೆ ಹಿತ, ಆದರೆ ಕಡಿಮೆ, ಜೊತೆಗೆ ನೆಂದ ಬಳಪದ ಕಲ್ಲು ಇನ್ನೂ ಕಪ್ಪಾಗಿರುತ್ತದೆ. ಹಂಪಿಗೆ ಮೂರು ದಿನ: ಹಳದಿ ಫಿಲ್ಟರಿನೊಂದಿಗೆ ಎಚ್‌ಪಿ5 ಎರಡು, ಸಂಜೆಗಳಿಗೆ ಗೋಲ್ಡ್ ಎರಡು. ಎಲ್ಲಕ್ಕೂ ಒಂದೇ ಫಿಲ್ಮು ಎಂದರೆ ಎಚ್‌ಪಿ5.

ಜೊತೆಗೆ ಒಂದು ಪುಟ್ಟ ನೋಟ್‌ಬುಕ್, ಪೆನ್ಸಿಲ್. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1980ರ ದಶಕದಲ್ಲಿ, ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಅವನು ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಉಳಿದಿದೆ, ಯಾವುದು ಬಿದ್ದಿದೆ ಎಂದು ಎಣಿಸಬಹುದು. ನಿಮ್ಮ ನೆಗೆಟಿವ್‌ಗೂ ಆ ಯೋಗ್ಯತೆ ಇದೆ, ಎಲ್ಲಿಂದ ತೆಗೆದದ್ದೆಂದು ಬರೆದಿಟ್ಟರೆ ಮಾತ್ರ. ಫಿಲ್ಮಿನಲ್ಲಿ ಜಾಗದ ಗುರುತು ತಾನಾಗಿ ದಾಖಲಾಗುವುದಿಲ್ಲ. ಚಿತ್ರದ ಸಂಖ್ಯೆ, ತಾರೀಖು, ಹೊತ್ತು, ನಿಂತ ಜಾಗ, ಮುಖಮಾಡಿದ ದಿಕ್ಕು, ಲೆನ್ಸು: ಆರು ಕಲಮು. ನೆಗೆಟಿವ್ ಹಾಕಿಡುವ ಹಾಳೆಯ ಅಂಚಿಗೂ ಇದನ್ನೇ ನಕಲುಮಾಡಿ, ಬಾಲ್‌ಪೆನ್ ಬೇಡ, ಅದರ ಶಾಯಿ ವರ್ಷಗಳ ಮೇಲೆ ಫಿಲ್ಮಿಗೆ ಅಂಟುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಮಳೆಗಾಲಕ್ಕೆ ಮುಂಚೆ ಪೊಟ್ಟಣ ಬದಲಿಸಿ.